ಚರ್ಚು ಉಳಿದವು, ಊರು ಎಲ್ಲಿ ಹೋಯ್ತು? ಹಳೇ ಗೋವಾ ನೋಡುವ ಮುಂಚೆ

ಹಳೇ ಗೋವಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಎರಡು ಚರ್ಚು ನೋಡುತ್ತಾರೆ. ಹುಲ್ಲುಹಾಸಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಗಂಟೆಯೊಳಗೆ ಬೀಚಿನ ಕಡೆ ಗಾಡಿ ತಿರುಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ನೋಡಿದ್ದು ಚರ್ಚನ್ನು, ಊರನ್ನಲ್ಲ.

1600ರ ಸುಮಾರಿಗೆ ಇಲ್ಲೊಂದು ದೊಡ್ಡ ಪಟ್ಟಣವಿತ್ತು. ಆಫ್ರಿಕಾದ ಮೊಜಾಂಬಿಕ್‌ನಿಂದ ಹಿಡಿದು ಚೀನಾದ ಮಕಾವ್‌ವರೆಗೆ ಪೋರ್ಚುಗೀಸರು ಹಿಡಿದಿದ್ದ ಬಂದರುಗಳಿಗೆಲ್ಲ ಇದೇ ರಾಜಧಾನಿ. ಗೋವಾ ನೋಡಿದವನು ಲಿಸ್ಬನ್ ನೋಡಬೇಕಿಲ್ಲ ಅಂತ ಆಗ ಜನ ಹೇಳುತ್ತಿದ್ದರಂತೆ. ಆ ಊರಿನ ಮನೆಗಳು, ಅಂಗಡಿ ಸಾಲು, ವೈಸರಾಯ್ ಅರಮನೆ, ಆಸ್ಪತ್ರೆ, ಹಡಗುಕಟ್ಟೆ ಎಲ್ಲ ಎಲ್ಲಿ ಹೋದವು? ಈಗ ನೋಡಿದರೆ ಚರ್ಚುಗಳ ಮಧ್ಯೆ ಬರೀ ತೆಂಗು, ಹುಲ್ಲು, ಡಾಂಬರು ರಸ್ತೆ.

ಹಾಳೂರು ಅಂದ ತಕ್ಷಣ ನಮಗೆ ನೆನಪಾಗುವುದು ಹಂಪಿ. ಯುದ್ಧದಲ್ಲಿ ಸೋಲು, ಆಮೇಲೆ ಸುಲಿಗೆ, ಬೆಂಕಿ. ಹಳೇ ಗೋವಾದ್ದು ಆ ಥರದ ಕಥೆಯಲ್ಲ. ಇದನ್ನು ಯಾವ ಶತ್ರುವೂ ಸುಡಲಿಲ್ಲ. ಇನ್ನೂರು ವರ್ಷ ಹಿಡಿದು ಊರು ನಿಧಾನವಾಗಿ ಖಾಲಿಯಾಯಿತು. ಖಾಲಿಯಾದದ್ದನ್ನು ಊರಿನ ಒಡೆಯರೇ ಕಲ್ಲು ಕಲ್ಲಾಗಿ ಕಿತ್ತು, ಹತ್ತು ಕಿಲೋಮೀಟರ್ ದೂರದ ಪಣಜಿ ಕಟ್ಟಲು ಸಾಗಿಸಿದರು. ಇದು ತಲೆಯಲ್ಲಿದ್ದರೆ ಅಲ್ಲಿ ಕಾಣುವ ಖಾಲಿ ಜಾಗಕ್ಕೂ ಒಂದು ಅರ್ಥ ಬರುತ್ತದೆ.

ಮೊದಲು ಯಾರ ಊರು?

ಪೋರ್ಚುಗೀಸರು ಬಂದು ಕಾಡು ಕಡಿದು ಕಟ್ಟಿದ ಊರಲ್ಲ ಇದು. ಗೋವಾದ ಕದಂಬರ ಬಂದರು ಗೋಪಕಪಟ್ಟಣ ಇದ್ದದ್ದು ಜುವಾರಿ ನದಿಯ ಕಡೆ. ಅದರ ಕಾಲ ಮುಗಿದ ಮೇಲೆ ಮಾಂಡೋವಿ ದಡದ ಏಲಾ ಎಂಬ ಊರು ಬೆಳೆಯಿತು. ವಿಜಯನಗರ, ಬಹಮನಿ, ಆಮೇಲೆ ಬಿಜಾಪುರದ ಆದಿಲ್ ಶಾಹಿ, ಹೀಗೆ ಕೈಯಿಂದ ಕೈಗೆ ದಾಟಿತು. ಎಲ್ಲರಿಗೂ ಈ ಬಂದರು ಬೇಕಾಗಿದ್ದಕ್ಕೆ ಮುಖ್ಯ ಕಾರಣ ಕುದುರೆ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹಡಗಿನಲ್ಲಿ ಬಂದು ಇಲ್ಲಿ ಇಳಿಯುತ್ತಿದ್ದವು. ವಿಜಯನಗರಕ್ಕೂ ಬೇಕು, ಬಿಜಾಪುರಕ್ಕೂ ಬೇಕು. ಬಂದರು ಯಾರ ಕೈಯಲ್ಲಿದೆಯೋ ಸುಂಕ ಅವರದು, ಎದುರಾಳಿಗೆ ಕುದುರೆ ಸಿಗದಂತೆ ಮಾಡುವ ಅವಕಾಶವೂ ಅವರದೇ.

1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದ ಅಲ್ಬುಕರ್ಕ್ ತನ್ನ ಹಡಗುಗಳ ಜೊತೆ ಬೇರೆ ಕಡೆಗೆ ಹೊರಟಿದ್ದ. ಗೋವಾ ಹಿಡಿ, ಇದೇ ಸರಿಯಾದ ಸಮಯ ಅಂತ ಅವನ ಕಿವಿಯಲ್ಲಿ ಊದಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ದಾಖಲೆಗಳಲ್ಲಿ ಅವನ ಹೆಸರು ತಿಮೋಜಾ. ವರ್ಷದ ಆರಂಭದಲ್ಲಿ ಊರು ಸುಲಭವಾಗಿ ಕೈಗೆ ಬಂತು. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಬಂದು ಹೊರಗಟ್ಟಿತು. ಅಷ್ಟರಲ್ಲಿ ಮಳೆಗಾಲ ಶುರುವಾಗಿ ಸಮುದ್ರಕ್ಕೆ ಇಳಿಯುವಂತಿಲ್ಲ. ಪೋರ್ಚುಗೀಸ್ ಹಡಗುಗಳು ತಿಂಗಳುಗಟ್ಟಲೆ ನದಿಯ ಬಾಯಲ್ಲೇ ಸಿಕ್ಕಿಬಿದ್ದವು. ನವೆಂಬರ್ 25ರಂದು, ಸಂತ ಕ್ಯಾಥರೀನ್ ಹಬ್ಬದ ದಿನ, ಅಲ್ಬುಕರ್ಕ್ ಮತ್ತೆ ನುಗ್ಗಿ ಊರು ಹಿಡಿದ. ಹಿಡಿದ ಮೇಲೆ ಅಲ್ಲಿನ ಮುಸ್ಲಿಮರನ್ನು ಹೆಂಗಸರು, ಮಕ್ಕಳು ಎನ್ನದೆ ಕೊಲ್ಲಿಸಿದ. ಈ ಗೆಲುವಿನ ನೆನಪಿಗೆ ಕಟ್ಟಿಸಿದ ಸಂತ ಕ್ಯಾಥರೀನ್ ಚಾಪೆಲ್ ಇವತ್ತಿಗೂ ಇದೆ. ಅಸ್ಸೀಸಿಯ ಸಂತ ಫ್ರಾನ್ಸಿಸ್ ಚರ್ಚಿನ ಪಶ್ಚಿಮಕ್ಕಿರುವ ಚಿಕ್ಕ ಕಟ್ಟಡ. ಅತ್ತ ಹೋಗುವವರು ಬಹಳ ಕಡಿಮೆ.

1530ರಲ್ಲಿ ಪೋರ್ಚುಗೀಸರು ರಾಜಧಾನಿಯನ್ನು ಕೊಚ್ಚಿಯಿಂದ ಇಲ್ಲಿಗೆ ತಂದರು. 1540ರ ಹೊತ್ತಿಗೆ ಈ ಊರಿರುವ ತಿಸ್ವಾಡಿ ದ್ವೀಪದ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮದ ವಿಚಾರಣೆಯ ಕೋರ್ಟು ಬಂತು. ನಡುವೆ ನಾಲ್ಕು ವರ್ಷ ಬಿಟ್ಟರೆ 1812ರವರೆಗೆ ನಡೆಯಿತು. ಅದರ ಹೆದರಿಕೆಗೆ, ಬರಗಾಲಕ್ಕೆ, ತೆರಿಗೆಗೆ ಬೇಸತ್ತು ಹೊರಟವರಲ್ಲಿ ಎಷ್ಟೋ ಕುಟುಂಬಗಳು ನಮ್ಮ ಕರಾವಳಿಗೆ ಬಂದು ನೆಲೆಸಿದವು. ಕಾರವಾರದಿಂದ ಮಂಗಳೂರಿನವರೆಗೆ ಕೊಂಕಣಿ ಮಾತಾಡುವ ಹಿಂದೂಗಳಲ್ಲೂ ಕ್ರಿಶ್ಚಿಯನ್ನರಲ್ಲೂ ಈ ವಲಸೆಯ ನೆನಪಿದೆ.

ನೀರೇ ಮುಳುವಾಯಿತು

ಇಷ್ಟು ದುಡ್ಡಿದ್ದ ಊರು ಯಾಕೆ ಸತ್ತಿತು? ಒಂದೇ ಕಾರಣ ಕೇಳಿದರೆ ನಾನು ನೀರು ಅಂತೀನಿ.

ಇಲ್ಲಿನ ನೆಲ ಜಂಬಿಟ್ಟಿಗೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರು ಮುರಕಲ್ಲು ಅನ್ನುತ್ತಾರೆ. ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ಮೈತುಂಬ ತೂತು. ಮಳೆ ನೀರು ಮೇಲೆ ನಿಲ್ಲುವುದೇ ಇಲ್ಲ, ಸೋಸಿಕೊಂಡು ಒಳಗೆ ಇಳಿಯುತ್ತದೆ. ಹಾಗಾಗಿ ಬಾವಿ ತೋಡುವುದು ಸುಲಭ, ಹೆಚ್ಚು ಆಳವೂ ಬೇಡ. ಆದರೆ ಮಳೆ ನೀರು ಇಳಿಯುವ ದಾರಿಯಲ್ಲೇ ಕೊಳಚೆಯೂ ಇಳಿಯುತ್ತದಲ್ವಾ? ಗುಡ್ಡ ಮತ್ತು ನದಿಯ ನಡುವಿನ ಇಕ್ಕಟ್ಟು ಜಾಗದಲ್ಲಿ ಸಾವಿರಾರು ಮನೆ. ಮನೆಗೊಂದು ಬಾವಿ, ಪಕ್ಕದಲ್ಲೇ ಪಾಯಿಖಾನೆ ಗುಂಡಿ. ಹಳ್ಳಿಯಷ್ಟು ಜನ ಇದ್ದಾಗ ನೆಲ ತಡೆದುಕೊಂಡಿತು. ಮಹಾನಗರವಾದಾಗ ತಡೆಯಲಿಲ್ಲ.

1543ರಲ್ಲೇ ಕಾಲರಾ ಬಂದು ಹೋಗಿತ್ತು. ಆಮೇಲೂ ಮತ್ತೆ ಮತ್ತೆ ಬಂತು. ಜೊತೆಗೆ ಮಲೇರಿಯಾ. ಉಳ್ಳವರು ಬಾವಿ ನೀರು ಕುಡಿಯುತ್ತಿರಲಿಲ್ಲ. ಊರಾಚೆಯ ಒರತೆಯಿಂದ ಗುಲಾಮರು ಕೊಡದಲ್ಲಿ ಹೊತ್ತು ತಂದ ನೀರು ಬೀದಿಯಲ್ಲಿ ಮಾರಾಟವಾಗುತ್ತಿತ್ತು. ದುಡ್ಡಿಲ್ಲದವರಿಗೆ ಬಾವಿಯೇ ಗತಿ. ಲಿಸ್ಬನ್‌ನಿಂದ ಆರೇಳು ತಿಂಗಳು ಹಡಗಿನಲ್ಲಿ ಬಂದಿಳಿಯುವ ಸೈನಿಕರು ಅರ್ಧ ಜೀವವಾಗಿರುತ್ತಿದ್ದರು. ಅವರಿಗೆಂದೇ ರಾಜನ ಆಸ್ಪತ್ರೆ ಇತ್ತು. 1608ರಲ್ಲಿ ಫ್ರಾನ್ಸ್‌ನ ಪ್ರವಾಸಿ ಪಿರಾರ್ ದ ಲವಾಲ್ ಕಾಯಿಲೆ ಬಿದ್ದು ಅಲ್ಲಿ ಸೇರಿದ್ದ. ಅಷ್ಟು ಒಳ್ಳೆಯ ಆಸ್ಪತ್ರೆ ಬೇರೆಲ್ಲೂ ಇರಲಿಕ್ಕಿಲ್ಲ ಎನ್ನುವ ಹಾಗೆ ಹೊಗಳಿ ಬರೆದಿದ್ದಾನೆ. ಆಸ್ಪತ್ರೆ ಎಷ್ಟೇ ಚೆನ್ನಾಗಿದ್ದರೂ ಕುಡಿಯುವ ನೀರು ಅದೇ ನೆಲದ್ದು. ಆ ಆಸ್ಪತ್ರೆಯ ಕಟ್ಟಡವೂ ಈಗಿಲ್ಲ.

ಇತ್ತ ಜನ ಸಾಯುತ್ತಿದ್ದರು, ಅತ್ತ ವ್ಯಾಪಾರ ಕೈತಪ್ಪುತ್ತಿತ್ತು. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತಾಗ ಗೋವಾ ತನ್ನ ದೊಡ್ಡ ಕುದುರೆ ಗಿರಾಕಿಯನ್ನೇ ಕಳೆದುಕೊಂಡಿತು. ಹಂಪಿ ಬಿದ್ದದ್ದರ ಪೆಟ್ಟು ಮಾಂಡೋವಿ ದಡಕ್ಕೂ ತಾಗಿತು ಅನ್ನುವುದನ್ನು ನಮ್ಮ ಪಾಠದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಆಮೇಲೆ ಡಚ್ಚರು ಬಂದರು. ನದಿಯ ಬಾಯಿಗೆ ಹಡಗು ತಂದು ನಿಲ್ಲಿಸಿ ಬಂದರನ್ನೇ ಮುಚ್ಚಿಬಿಡುತ್ತಿದ್ದರು. ಪೋರ್ಚುಗೀಸರ ಬಂದರುಗಳು ಒಂದೊಂದಾಗಿ ಕೈಬಿಟ್ಟವು: 1622ರಲ್ಲಿ ಹೋರ್ಮುಜ್ ಹೋಯಿತು, 1641ರಲ್ಲಿ ಮಲಾಕ್ಕಾ, 1663ರಲ್ಲಿ ಕೊಚ್ಚಿ. 1683ರಲ್ಲಿ ಸಂಭಾಜಿಯ ಸೈನ್ಯ ಊರಿನ ಬಾಗಿಲಿಗೇ ಬಂತು. ಅದಾದ ಮೇಲೆ ರಾಜಧಾನಿಯನ್ನು ಮರ್ಮಗೋವಾಕ್ಕೆ ಸಾಗಿಸುವ ಕೆಲಸ ಶುರುವಾಗಿ ಅರ್ಧಕ್ಕೇ ನಿಂತಿತು.

1695ರಲ್ಲಿ ವೈಸರಾಯ್ ಅರಮನೆ ಬಿಟ್ಟು ಪಕ್ಕದ ಪಣೇಲಿಗೆ ಹೋದ. 1759ರಲ್ಲಿ ಪಣಜಿಗೆ. ದೊರೆ ಹೋದ ಮೇಲೆ ಗುಮಾಸ್ತ ಯಾಕೆ ಇರುತ್ತಾನೆ? ಗುಮಾಸ್ತ ಹೋದ ಮೇಲೆ ಅಂಗಡಿಯವನಿಗೆ ಏನು ಕೆಲಸ? 1770ರ ದಶಕದಲ್ಲಿ ಲಿಸ್ಬನ್ನಿನ ಪ್ರಬಲ ಮಂತ್ರಿ ಪೊಂಬಾಲ್ ಹಳೇ ಊರನ್ನೇ ಮತ್ತೆ ಕಟ್ಟಿ ಅಂತ ಆಜ್ಞೆ ಮಾಡಿದ. ಕೆಲಸಕ್ಕೆ ಹಚ್ಚಿದವರೇ ಜ್ವರದಿಂದ ಸಾಯತೊಡಗಿದರು, ಯೋಜನೆ ಅಲ್ಲಿಗೇ ನಿಂತಿತು. 1843ರಲ್ಲಿ ಪಣಜಿಯನ್ನು ಅಧಿಕೃತವಾಗಿ ರಾಜಧಾನಿ ಅಂತ ಘೋಷಿಸಿದರು.

ಚರ್ಚು ಮಾತ್ರ ಯಾಕೆ ಉಳಿಯಿತು?

ಗಟ್ಟಿಯಾಗಿ ಕಟ್ಟಿದ್ದರು, ಅದಕ್ಕೇ ಉಳಿಯಿತು ಅನ್ನುವುದು ಸುಲಭದ ಉತ್ತರ. ಅದು ಸರಿಯಲ್ಲ. ಕಲ್ಲು ಎಲ್ಲದಕ್ಕೂ ಅದೇ ಮುರಕಲ್ಲು. ವ್ಯತ್ಯಾಸ ಇರುವುದು ಗಾರೆಯಲ್ಲಿ. ತೂತು ಕಲ್ಲಿನ ಗೋಡೆ ಮಳೆಯಲ್ಲಿ ಬಾಳಬೇಕಾದರೆ ಅದರ ಮೇಲೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಬೇಕು. ಆ ಗಾರೆಗೆ ಆಗಾಗ ಕೈಯಾಡಿಸಬೇಕು. ಸೂರು ಸೋರಿದರೆ ಹೆಂಚು ಬದಲಿಸಬೇಕು. ಯಾರಾದರೂ ಒಬ್ಬರು ಇರಬೇಕು, ಅಷ್ಟೇ. ಗೋವಾದ ಮಳೆಗೆ ಹತ್ತು ವರ್ಷ ಯಾರೂ ತಿರುಗಿ ನೋಡದ ಕಟ್ಟಡ ಬೀಳಲು ಶುರುವಾಗುತ್ತದೆ. ಒಮ್ಮೆ ಬಿದ್ದರೆ ಅದು ಕಲ್ಲಿನ ಗಣಿ.

ಸೆ ಕ್ಯಾಥೆಡ್ರಲ್ ಆರ್ಚ್‌ಬಿಷಪ್ಪರ ಗದ್ದುಗೆ, ಅದನ್ನು ಬಿಡುವ ಹಾಗಿರಲಿಲ್ಲ. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್‌ನ ದೇಹ ಇತ್ತು. 1552ರಲ್ಲಿ ಚೀನಾದ ತೀರದಲ್ಲಿ ತೀರಿಕೊಂಡವನ ದೇಹವನ್ನು 1554ರಲ್ಲಿ ಗೋವಾಕ್ಕೆ ತಂದಿದ್ದರು. ಅದನ್ನು ನೋಡಲು ಜನ ಬರುವುದು ಒಂದು ಶತಮಾನವೂ ನಿಂತಿಲ್ಲ. ಈಗಲೂ ಹತ್ತು ವರ್ಷಕ್ಕೊಮ್ಮೆ ದೇಹವನ್ನು ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಕಳೆದ ಸಲ ಇಟ್ಟದ್ದು 2024ರ ನವೆಂಬರ್‌ನಿಂದ 2025ರ ಜನವರಿವರೆಗೆ.

ಉಳಿದ ಮಠಗಳಿಗೆ ಪೆಟ್ಟು ಬಿದ್ದದ್ದು 1835ರಲ್ಲಿ. ಪೋರ್ಚುಗಲ್ ಸರ್ಕಾರ ಗಂಡಸರ ಮಠಗಳನ್ನೆಲ್ಲ ಮುಚ್ಚಿ ಆಸ್ತಿ ವಶಪಡಿಸಿಕೊಂಡಿತು. ಒಂದೇ ಏಟಿಗೆ ದೊಡ್ಡ ದೊಡ್ಡ ಕಟ್ಟಡಗಳಿಗೆ ವಾರಸುದಾರರೇ ಇಲ್ಲದಂತಾಯಿತು. ಡೊಮಿನಿಕನ್ನರ ಮಠ ಪೂರ್ತಿ ಮಾಯ. ಸಂತ ಮೋನಿಕಾ ಕಾನ್ವೆಂಟಿನದು ವಿಚಿತ್ರ ಕಥೆ. ಅಲ್ಲಿದ್ದ ಸನ್ಯಾಸಿನಿಯರನ್ನು ಓಡಿಸಲಿಲ್ಲ. ಆದರೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ ಅಂದರು. ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡು, ಕೊನೆಯವರು 1885ರಲ್ಲಿ ಹೋದರು. ಅಲ್ಲಿಯವರೆಗೂ ಒಳಗೆ ಜನ ಇದ್ದರಲ್ಲ, ಕಟ್ಟಡ ಉಳಿಯಿತು. ಈಗ ಅದರಲ್ಲಿ ಕ್ರಿಶ್ಚಿಯನ್ ಕಲೆಯ ಮ್ಯೂಸಿಯಂ ಇದೆ.

ಅದರ ಎದುರಿಗೇ ಸಂತ ಆಗಸ್ಟೀನ್ ಚರ್ಚಿನ ಅವಶೇಷ. ಎದುರು ಬದುರು ನಿಂತಿರುವ ಈ ಎರಡನ್ನು ನೋಡಿದರೆ ಇಡೀ ವಿಷಯ ಅರ್ಥವಾಗುತ್ತದೆ. ಒಂದರಲ್ಲಿ ಜನ ಇದ್ದರು, ಇನ್ನೊಂದರಲ್ಲಿ ಇರಲಿಲ್ಲ.

ಗೋಪುರದ ಬುಡದಲ್ಲಿ

ಹಳೇ ಗೋವಾದಲ್ಲಿ ಒಂದೇ ಒಂದು ಜಾಗ ನೋಡಿ ಅಂದರೆ ನಾನು ಕಳಿಸುವುದು ಇಲ್ಲಿಗೇ, ಬೊಮ್ ಜೀಸಸ್‌ಗಲ್ಲ. ಆಗಸ್ಟೀನಿಯನ್ ಪಾದ್ರಿಗಳು ಈ ಚರ್ಚನ್ನು ಕಟ್ಟಿ ಮುಗಿಸಿದ್ದು 1602ರಲ್ಲಿ. 1835ರಲ್ಲಿ ಬಿಟ್ಟು ಹೋದರು. ಏಳೇ ವರ್ಷಕ್ಕೆ, 1842ರಲ್ಲಿ, ಕಮಾನಿನ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗದ ಗೋಡೆ ಬಿತ್ತು, ಗೋಪುರದ ಅರ್ಧವನ್ನೂ ಜೊತೆಗೆ ಎಳೆದುಕೊಂಡಿತು. ಉಳಿದ ಅರ್ಧ ಈಗಲೂ 46 ಮೀಟರ್ ಎತ್ತರಕ್ಕೆ ನಿಂತಿದೆ. ಉದ್ದಕ್ಕೆ ಸೀಳಿದಂತಿರುವುದರಿಂದ ಗೋಡೆಯ ಹೊಟ್ಟೆಯೊಳಗೆ ಏನಿದೆ ಅಂತ ನೇರವಾಗಿ ಕಾಣುತ್ತದೆ. ಬರೀ ಕೆಂಪು ಮುರಕಲ್ಲು, ಸುಣ್ಣ. ಹೊರಗಿನ ಬಿಳಿ ಗಾರೆ ಇಲ್ಲದಿದ್ದರೆ ಈ ಊರಿನ ಎಲ್ಲ ಚರ್ಚೂ ಹೀಗೇ ಕಾಣುತ್ತಿದ್ದವು.

ಒಳಗೆ ಹೋದರೆ ಸೂರಿಲ್ಲದ ದೊಡ್ಡ ಅಂಗಳ. ನೆಲದಲ್ಲಿ ಸಮಾಧಿಯ ಹಾಸುಗಲ್ಲುಗಳು. ಅವುಗಳ ಮೇಲೆ ಪೋರ್ಚುಗೀಸ್ ಬರಹ, ಮನೆತನದ ಲಾಂಛನ. ಎರಡೂ ಬದಿ ಚಿಕ್ಕ ಚಿಕ್ಕ ಚಾಪೆಲ್‌ಗಳು. ಕೆಲವು ಗೋಡೆಗಳ ಕೆಳಭಾಗದಲ್ಲಿ ನೀಲಿ ಬಿಳಿ ಬಣ್ಣದ ಹೊಳಪಿನ ಹಂಚುಗಳು ಇನ್ನೂ ಅಂಟಿಕೊಂಡಿವೆ. ನೂರಾರು ಮಳೆಗಾಲ ಕಂಡರೂ ನೀಲಿ ಮಾಸಿಲ್ಲ.

ಇಲ್ಲಿ ನಡೆದ ಒಂದು ಹುಡುಕಾಟದ ಕಥೆ ಪತ್ತೇದಾರಿ ಕಾದಂಬರಿಗೆ ಕಡಿಮೆಯಿಲ್ಲ. ಜಾರ್ಜಿಯಾ ದೇಶದ ರಾಣಿ ಕೆತೆವಾನ್ ಇರಾನಿನ ಷಾ ಅಬ್ಬಾಸ್‌ನ ಸೆರೆಯಲ್ಲಿದ್ದಳು. ಧರ್ಮ ಬಿಡಲು ಒಪ್ಪದ ಅವಳನ್ನು 1624ರಲ್ಲಿ ಶಿರಾಜ್‌ನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಲ್ಲಿದ್ದ ಆಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು 1627ರಲ್ಲಿ ಗೋವಾಕ್ಕೆ ತಂದು ಈ ಮಠದಲ್ಲಿಟ್ಟರು. ಮಠದ ಯಾವ ಕಿಟಕಿಯ ಹತ್ತಿರ ಇಟ್ಟಿದ್ದೇವೆ ಅನ್ನುವುದು ಹಳೆಯ ಬರಹಗಳಲ್ಲಿ ಇತ್ತು. ಆದರೆ ಕಿಟಕಿಯೇ ಮಣ್ಣಿನಡಿ ಹೋಗಿತ್ತು. ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಅಗೆದು, ಕೊನೆಗೆ ಮೂಳೆ ಸಿಕ್ಕಾಗ ಹೈದರಾಬಾದಿನ ಸಿಸಿಎಂಬಿ ಲ್ಯಾಬಿಗೆ ಕಳಿಸಿದರು. ಡಿಎನ್‌ಎ ಪರೀಕ್ಷೆ ಮಾಡಿದರೆ ಒಂದು ಮೂಳೆ ಹೆಂಗಸಿನದು. ಅದರ ತಾಯಿ ಕಡೆಯ ಗುಂಪು ನಮ್ಮ ದೇಶದಲ್ಲಿ ಕಾಣಸಿಗದ್ದು, ಜಾರ್ಜಿಯಾದಲ್ಲಿ ಇರುವಂಥದ್ದು. 2021ರ ಜುಲೈನಲ್ಲಿ ಭಾರತ ಸರ್ಕಾರ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಆ ದೇಶದವರಿಗೆ ಅವಳು ಸಂತಳು.

ಈ ಗೋಪುರದ ಗಂಟೆ ಬೇಕಾದರೆ ಪಣಜಿಯಲ್ಲಿದೆ. ಅಗ್ವಾದ ಕೋಟೆಯ ದೀಪಸ್ತಂಭದಲ್ಲಿ ಮೂವತ್ತು ವರ್ಷ ಇದ್ದು, 1871ರಲ್ಲಿ ಪಣಜಿಯ ಮೆಟ್ಟಿಲುಗಳ ಬಿಳಿ ಚರ್ಚಿಗೆ ಬಂತು.

ಕಾಣದ ಊರನ್ನು ಹುಡುಕುವುದು

ಬೆಟ್ಟದಿಂದ ಇಳಿದು ನದಿ ಕಡೆಗೆ ಹೋಗಿ. ದಿವಾರ್ ದ್ವೀಪದ ಫೆರಿ ಹೊರಡುವಲ್ಲಿ ಒಂದು ಕಮಾನು ಇದೆ. ವಾಸ್ಕೊ ದ ಗಾಮಾನ ಮರಿಮಗ ಫ್ರಾನ್ಸಿಸ್ಕೊ ದ ಗಾಮಾ ತಾನು ವೈಸರಾಯ್ ಆಗಿದ್ದಾಗ ಕಟ್ಟಿಸಿದ್ದು. ಹೊಸ ವೈಸರಾಯ್‌ಗಳು ಹಡಗಿನಿಂದಿಳಿದು ಇದರ ಅಡಿಯಿಂದಲೇ ಊರೊಳಗೆ ಬರುತ್ತಿದ್ದರು. ಕಮಾನಿನ ಒಂದು ಬದಿಯಲ್ಲಿ ವಾಸ್ಕೊ ನಿಂತಿದ್ದಾನೆ. ಇನ್ನೊಂದು ಬದಿಯಲ್ಲಿ ಕತ್ತಿ ಹಿಡಿದ ಯುರೋಪಿನ ಹೆಂಗಸು, ಅವಳ ಕಾಲಡಿ ನೆಲಕ್ಕೆ ಬಿದ್ದ ಈ ನೆಲದ ಮನುಷ್ಯ. ನದಿ ದಾಟುವ ಆತುರದಲ್ಲಿ ಇದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಮಾನು ಒಮ್ಮೆ ಕುಸಿದು, 1954ರಲ್ಲಿ ಮತ್ತೆ ಕಟ್ಟಿದ್ದು. ಗೋವಾ ಬಿಟ್ಟು ಹೋಗಲು ಏಳು ವರ್ಷ ಉಳಿದಿದ್ದಾಗಲೂ ಪೋರ್ಚುಗೀಸರು ಆ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿದರು!

ಕಮಾನಿನಿಂದ ಮೇಲೆ ಹೋಗುವುದೇ ಆಗಿನ ರಾಜಬೀದಿ, ರುವಾ ದಿರೈಟಾ. 1580ರ ದಶಕದಲ್ಲಿ ಇಲ್ಲಿದ್ದ ಡಚ್ ಗುಮಾಸ್ತ ಲಿನ್‌ಸ್ಕೋಟನ್ ಇದರ ಚಿತ್ರ ಬಿಟ್ಟುಹೋಗಿದ್ದಾನೆ. ಬೆಳಗಿನ ಹರಾಜು ನಡೆಯುತ್ತಿದೆ. ಛತ್ರಿ ಹಿಡಿಸಿಕೊಂಡ ಸಾಹುಕಾರರು, ಕುದುರೆ, ಬಟ್ಟೆಬರೆ, ಮಾರಾಟಕ್ಕಿಟ್ಟ ಗುಲಾಮರು. ಮೊಬೈಲಿನಲ್ಲಿ ಆ ಚಿತ್ರ ತೆರೆದಿಟ್ಟುಕೊಂಡು ಈ ರಸ್ತೆಯಲ್ಲಿ ನಡೆಯಿರಿ. ಎರಡೂ ಕಡೆ ಒಂದು ಮನೆಯ ಪಾಯವೂ ಕಾಣುವುದಿಲ್ಲ.

ಸಂತ ಕಾಜೆಟನ್ ಚರ್ಚಿನ ಹತ್ತಿರ ಒಂಟಿ ಬಾಗಿಲು ಚೌಕಟ್ಟೊಂದು ನಿಂತಿದೆ. ಐದಾರು ಮೆಟ್ಟಿಲು, ಎರಡು ಕಪ್ಪು ಕಲ್ಲಿನ ಕಂಬ, ಮೇಲೊಂದು ತೊಲೆ, ಪಕ್ಕದಲ್ಲಿ ಜಾಲಂಧ್ರದ ಚೂರು. ಮೆಟ್ಟಿಲು ಹತ್ತಿ ದಾಟಿದರೆ ಆಚೆಗೆ ಏನೂ ಇಲ್ಲ. ಆದಿಲ್ ಶಾಹಿ ಅರಮನೆಯದು, 1695ರವರೆಗೆ ವೈಸರಾಯ್‌ಗಳ ಮನೆಯದು ಅಂತ ಉಳಿದಿರುವುದು ಇಷ್ಟೇ. 1820ರಲ್ಲಿ ಕೆಡವಿ ಕಲ್ಲನ್ನು ಪಣಜಿಗೆ ಒಯ್ದರು. ಕೆತ್ತನೆ ನೋಡಿದರೆ ದೇವಸ್ಥಾನದ ಬಾಗಿಲು ಕಂಡಂತಾಗುತ್ತದೆ. ಬಿಜಾಪುರದವರೂ ತಮಗಿಂತ ಹಿಂದಿನವರ ಕಲ್ಲನ್ನೇ ಎತ್ತಿಕೊಂಡಿರಬಹುದು ಅಂತ ನನ್ನ ಗುಮಾನಿ.

ಇನ್ನೂ ದೂರ ನಡೆಯುವ ಆಸೆಯಿದ್ದರೆ ಸಂತ ಪೌಲ್ ಕಾಲೇಜಿನ ಹೆಬ್ಬಾಗಿಲು ಹುಡುಕಿ. ಭಾರತದ ಮೊದಲ ಮುದ್ರಣಯಂತ್ರ ಕೆಲಸ ಶುರುಮಾಡಿದ್ದು 1556ರಲ್ಲಿ, ಈ ಕಾಲೇಜಿನಲ್ಲಿ. ಉಳಿದಿರುವುದು ಬಾಗಿಲೊಂದೇ.

ಸೆ ಕ್ಯಾಥೆಡ್ರಲ್ ಮುಂದೆ ನಿಂತು ಎಡ ಬಲ ಹೋಲಿಸಿ ನೋಡಿ. ಒಂದೇ ಗೋಪುರ ಇದೆ. ಇನ್ನೊಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟುವಷ್ಟು ದುಡ್ಡೂ ಜನವೂ ಆಗ ಇರಲಿಲ್ಲ. ಎದುರಿನ ಬೊಮ್ ಜೀಸಸ್ ಮಾತ್ರ ಕೆಂಪಗಿದೆಯಲ್ಲ, ಅದು ಅದರ ಮೂಲ ಬಣ್ಣವಲ್ಲ. 1950ರ ದಶಕದಲ್ಲಿ ಚೆಂದ ಕಾಣಲಿ ಅಂತ ಗಾರೆ ಕಿತ್ತು ಹಾಕಿದರು. ಅಂದಿನಿಂದ ಪ್ರತಿ ಮಳೆಗಾಲ ಮುರಕಲ್ಲನ್ನು ತಿನ್ನುತ್ತಿದೆ. ಮತ್ತೆ ಗಾರೆ ಹಚ್ಚಿ ಅನ್ನುವವರು ಒಂದು ಕಡೆ, ಜನಕ್ಕೆ ಈ ಕೆಂಪೇ ಪರಿಚಯ ಅನ್ನುವವರು ಇನ್ನೊಂದು ಕಡೆ. ನನ್ನ ಮತ ಗಾರೆಗೆ. ಗಾರೆ ಇಲ್ಲದ ಗೋಡೆಯ ಗತಿ ಏನು ಅನ್ನುವುದಕ್ಕೆ ಗುಡ್ಡದ ಮೇಲಿನ ಗೋಪುರ ಸಾಕು.

ಹೋಗುವವರಿಗೆ ನಾಲ್ಕು ಮಾತು. ಬೆಳಗಾವಿಯಿಂದ ಪೊಂಡಾ ಮೇಲೆ ಪಣಜಿಗೆ ಹೋಗುವ ಹೆದ್ದಾರಿಯಲ್ಲೇ ಹಳೇ ಗೋವಾ ಸಿಗುತ್ತದೆ. ಕದಂಬ ಬಸ್ಸುಗಳು ನಿಲ್ಲುತ್ತವೆ. ಕೊಂಕಣ ರೈಲಿನವರಿಗೆ ಕರ್ಮಲಿ ಸ್ಟೇಷನ್ ಹತ್ತಿರ. ಚರ್ಚುಗಳಲ್ಲಿ ಪೂಜೆ ನಡೆಯುತ್ತದೆ, ಭುಜ ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲು ಬಹಳ ಜಾರುತ್ತದೆ. ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಎರಡೇ ಗಂಟೆ ಇದ್ದರೆ ಬೆಳಿಗ್ಗೆ ಬೇಗ ಸಂತ ಆಗಸ್ಟೀನ್ ಮುಗಿಸಿ, ಕಮಾನು ಮತ್ತು ಅರಮನೆ ಬಾಗಿಲು ನೋಡಿ, ಆಮೇಲೆ ಸೆ ಮತ್ತು ಬೊಮ್ ಜೀಸಸ್‌ಗೆ ಬನ್ನಿ. ಟೂರಿಸ್ಟ್ ಬಸ್ಸುಗಳು ಇದನ್ನು ಉಲ್ಟಾ ಮಾಡುತ್ತವೆ, ಹಾಗಾಗಿ ಗುಡ್ಡದ ಮೇಲೆ ಆ ಹೊತ್ತಿಗೆ ಗದ್ದಲ ಇರುವುದಿಲ್ಲ.